ಏಡಿ ಬರೆದ ಅಂಕಪಟ್ಟಿ

ಒಂದು ಮೇಜು. ಅದರ ಮೇಲೆ ಹರಡಿದ ನಕ್ಷೆ. ನಕ್ಷೆಯ ಮೇಲೆ ಮೂರು ಚಕ್ರಗಳ ಪುಟ್ಟ ಯಂತ್ರವೊಂದು ಬಸವನಹುಳುವಿನಂತೆ ತೆವಳುತ್ತಿದೆ. ಅದರ ಒಂದು ಚಕ್ರಕ್ಕೆ ಶಾಯಿ ಸವರಿದೆ. ಹೋದಲ್ಲೆಲ್ಲ ಒಂದು ಗೆರೆ ಉಳಿಯುತ್ತದೆ. ಮೇಜಿನ ಮುಂದೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಬೋಧಕ. ನಾಲ್ಕು ಮಾರು ಆಚೆಗೆ, ಮೊಂಡು ರೆಕ್ಕೆಗಳ ನೀಲಿ ಬಣ್ಣದ ಪೆಟ್ಟಿಗೆ. ಅದರೊಳಗೆ ಮುಚ್ಚಳ ಹಾಕಿಕೊಂಡು ಕುಳಿತ ಯುವಕನಿಗೆ ಹೊರಗಿನದೇನೂ ಕಾಣದು. ಎದುರಿನ ಮಾಪಕಗಳನ್ನಷ್ಟೇ ನಂಬಿ, ಇಲ್ಲದ ಆಕಾಶದಲ್ಲಿ, ಇಲ್ಲದ ಮಂಜಿನ ನಡುವೆ ಅವನು ವಿಮಾನ ನಡೆಸುತ್ತಿದ್ದಾನೆ. ಗಂಟೆಯ ಬಳಿಕ ಮುಚ್ಚಳ ತೆರೆದು ಹೊರಬಂದಾಗ ಅವನಿಗಾಗಿ ಕಾದಿರುವುದು ಬೋಧಕನ ಮಾತಿಗಿಂತ ಮೊದಲು ಆ ಗೆರೆ. ಎಲ್ಲಿ ದಾರಿ ತಪ್ಪಿದ, ಎಲ್ಲಿ ತಡವಾಗಿ ತಿರುಗಿದ ಎಂಬುದೆಲ್ಲ ಅಲ್ಲಿ ಬರೆದಿದೆ. ಅಲ್ಲವೆನ್ನಲು ಬರುವಂತಿಲ್ಲ.

ಆ ಪುಟ್ಟ ಯಂತ್ರಕ್ಕೆ ವೈಮಾನಿಕರು ಇಟ್ಟಿದ್ದ ಹೆಸರು ‘ಏಡಿ’. ಇಂದು ಕೋಟ್ಯಂತರ ರೂಪಾಯಿ ಬೆಲೆಯ ಸಿಮ್ಯುಲೇಟರುಗಳು ಪೈಲಟ್‌ನ ಪ್ರತಿಯೊಂದು ಚಲನೆಯನ್ನೂ ದಾಖಲಿಸಿ, ಅಳೆದು, ಅಂಕ ಕೊಟ್ಟು, ತಪ್ಪನ್ನು ತೆರೆಯ ಮೇಲೆ ತೋರಿಸುತ್ತವೆ. ಈ ಸ್ವಯಂಚಾಲಿತ ಮೌಲ್ಯಮಾಪನದ ಮೂಲಪುರುಷರಲ್ಲಿ ಏಡಿಯೂ ಒಂದು. ಗೆರೆಯಿಂದ ಅಂಕಕ್ಕೆ, ಅಂಕದಿಂದ ತೀರ್ಪಿಗೆ ಬಂದ ಈ ದಾರಿ ಸುಮಾರು ತೊಂಬತ್ತು ವರ್ಷಗಳಷ್ಟು ಉದ್ದದ್ದು. ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಯಂತ್ರ ಅಳೆಯಬಲ್ಲದ್ದೇ ಒಳ್ಳೆಯ ವೈಮಾನಿಕನ ಲಕ್ಷಣವೇ?

ಆರ್ಗನ್ ಕಾರ್ಖಾನೆಯ ವಿಮಾನ

ಹಾರುವುದನ್ನು ನೆಲದ ಮೇಲೆಯೇ ಕಲಿಸಬೇಕೆಂಬ ಯೋಚನೆ ಹೆಚ್ಚುಕಡಿಮೆ ವಿಮಾನದಷ್ಟೇ ಹಳೆಯದು. ಫ್ರಾನ್ಸಿನ ಆಂಟೊನೆಟ್ ಕಂಪನಿ 1910ರ ಆಸುಪಾಸಿನಲ್ಲಿ ಪೀಪಾಯಿಯ ಹೋಳುಗಳನ್ನು ಒಂದರ ಮೇಲೊಂದು ಇಟ್ಟು, ಮೇಲೆ ಶಿಷ್ಯನನ್ನು ಕೂರಿಸಿ, ಸಹಾಯಕರಿಂದ ಕೈಯಲ್ಲಿ ಅಲುಗಾಡಿಸುತ್ತಿತ್ತು. ಶಿಷ್ಯ ಚಕ್ರ ತಿರುಗಿಸಿ ಸಮತೋಲ ಕಾಯಬೇಕು. ಅವನು ಚೆನ್ನಾಗಿ ಮಾಡಿದನೋ ಇಲ್ಲವೋ ಎಂದು ಹೇಳಲು ಪಕ್ಕದಲ್ಲಿ ನಿಂತವರ ಕಣ್ಣು ಬಿಟ್ಟರೆ ಬೇರೆ ಅಳತೆಗೋಲು ಇರಲಿಲ್ಲ.

ಈ ಆಟಕ್ಕೆ ನಿಜವಾದ ಯಂತ್ರದ ರೂಪ ಕೊಟ್ಟವನು ಅಮೆರಿಕದ ಎಡ್ವಿನ್ ಲಿಂಕ್. 1904ರಲ್ಲಿ ಹುಟ್ಟಿದ ಈತನ ತಂದೆಗೆ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಎಂಬಲ್ಲಿ ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆ ಇತ್ತು. ಹಾರಾಟ ಕಲಿಯುವ ಹುಚ್ಚು ಹತ್ತಿದ್ದ ಲಿಂಕ್‌ಗೆ ಪಾಠದ ದುಬಾರಿ ದರ ಕಷ್ಟವಾಗಿತ್ತು. ಆರ್ಗನ್‌ನಲ್ಲಿ ಗಾಳಿಯನ್ನು ಊದುವ ತಿದಿ ಮತ್ತು ಕವಾಟಗಳ ಕೆಲಸ ಅವನಿಗೆ ಕರತಲಾಮಲಕ. ಅದೇ ತಿದಿಗಳ ಮೇಲೆ ಒಂದು ಪುಟ್ಟ ಕಾಕ್‌ಪಿಟ್ ಕೂರಿಸಿದ. ಒಳಗಿದ್ದವನು ಹಿಡಿಕೆ ಎಳೆದರೆ ಕವಾಟ ತೆರೆದು ತಿದಿ ಉಬ್ಬಿ ಮೂತಿ ಮೇಲೇಳುವುದು, ಓರೆ ಮಾಡಿದರೆ ಇಡೀ ಪೆಟ್ಟಿಗೆ ವಾಲುವುದು. 1929ರಲ್ಲಿ ಅವನು ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ. ಆದರೆ ಹಾರಾಟ ಶಾಲೆಗಳು ಇದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಮೊದಲು ಕೊಂಡವರಲ್ಲಿ ಹೆಚ್ಚಿನವರು ಮನರಂಜನಾ ಪಾರ್ಕುಗಳವರು. ಕಾಸು ಹಾಕಿ ‘ವಿಮಾನ’ ಹತ್ತುವ ಮಕ್ಕಳಾಟವಾಗಿ ಅದು ಕೆಲಕಾಲ ಉಳಿಯಿತು.

ಪರಿಸ್ಥಿತಿ ಬದಲಾದದ್ದು 1934ರಲ್ಲಿ, ಸಾವುಗಳ ಮೂಲಕ. ಆ ವರ್ಷದ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ಖಾಸಗಿ ಕಂಪನಿಗಳ ವಿಮಾನ ಅಂಚೆ ಗುತ್ತಿಗೆಗಳನ್ನು ರದ್ದುಮಾಡಿ, ಅಂಚೆ ಸಾಗಿಸುವ ಹೊಣೆಯನ್ನು ಸೇನೆಯ ವೈಮಾನಿಕರಿಗೆ ವಹಿಸಿತು. ಹಗಲು ಬೆಳಕಿನಲ್ಲಿ ಹಾರಿ ಅಭ್ಯಾಸವಿದ್ದ ತರುಣರು ಇದ್ದಕ್ಕಿದ್ದಂತೆ ಚಳಿಗಾಲದ ಇರುಳಿನಲ್ಲಿ, ಹಿಮ ಮತ್ತು ಮಂಜಿನಲ್ಲಿ ಹಾರಬೇಕಾಯಿತು. ಕೆಲವೇ ತಿಂಗಳುಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಮಾಪಕಗಳನ್ನು ನೋಡಿಕೊಂಡೇ ಹಾರುವ ವಿದ್ಯೆ ಕಲಿಸದೆ ಬೇರೆ ದಾರಿಯಿಲ್ಲವೆಂದು ಸೇನೆಗೆ ಮನವರಿಕೆಯಾಯಿತು. ಅದೇ ವರ್ಷ ಸೇನೆ ಲಿಂಕ್‌ನಿಂದ ಆರು ತರಬೇತಿ ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ‘ನೀಲಿ ಪೆಟ್ಟಿಗೆ’ ಎಂದೇ ಹೆಸರಾದ ಈ ಯಂತ್ರದಲ್ಲಿ ಐದು ಲಕ್ಷಕ್ಕೂ ಹೆಚ್ಚು ವೈಮಾನಿಕರು ಪಾಠ ಕಲಿತಿದ್ದರು.

ಸಾಕ್ಷಿ ಹೇಳುವ ಯಂತ್ರ

ಏಡಿ ಈ ಪೆಟ್ಟಿಗೆಯ ಜೊತೆಗಾರ. ಪೆಟ್ಟಿಗೆ ಯಾವ ದಿಕ್ಕಿಗೆ ತಿರುಗಿದರೂ ಆ ಸಂಕೇತ ವಿದ್ಯುತ್ ತಂತಿಯ ಮೂಲಕ ಏಡಿಗೆ ತಲುಪಿ, ಅದರ ಚಕ್ರಗಳೂ ಅತ್ತಲೇ ತಿರುಗುತ್ತಿದ್ದವು. ಆ ಕಾಲದ ವಿಮಾನಗಳು ರೇಡಿಯೋ ದಾರಿ ಹಿಡಿದು ಹಾರುತ್ತಿದ್ದವು. ದಾರಿಯ ಒಂದು ಪಕ್ಕಕ್ಕೆ ಜಾರಿದರೆ ಕಿವಿಯಲ್ಲಿ ‘ಡಿಟ್-ಡಾ’, ಇನ್ನೊಂದು ಪಕ್ಕಕ್ಕೆ ಜಾರಿದರೆ ‘ಡಾ-ಡಿಟ್’. ಸರಿಯಾದ ದಾರಿಯಲ್ಲಿದ್ದರೆ ಎರಡೂ ಬೆರೆತು ಒಂದೇ ಸಮನಾದ ನಾದ. ನಕ್ಷೆಯ ಮೇಲೆ ಏಡಿ ಎಲ್ಲಿದೆಯೆಂದು ನೋಡಿಕೊಂಡು ಬೋಧಕ ಅದಕ್ಕೆ ತಕ್ಕ ಸದ್ದನ್ನು ಶಿಷ್ಯನ ಕಿವಿಗೆ ಕಳಿಸುತ್ತಿದ್ದ. ಅಂದರೆ ಏಡಿ ಅಂಕ ಬರೆಯುವ ಗುಮಾಸ್ತನಷ್ಟೇ ಅಲ್ಲ, ಪಾಠದ ಸೂತ್ರಧಾರನೂ ಆಗಿತ್ತು.

ಇದರಿಂದ ಬಂದ ಬದಲಾವಣೆ ಸಣ್ಣದಲ್ಲ. ಅಲ್ಲಿಯವರೆಗೆ ವಿದ್ಯಾರ್ಥಿ ಪಾಸೋ ಫೇಲೋ ಎಂಬುದು ಬೋಧಕನ ನಾಲಿಗೆಯ ತುದಿಯಲ್ಲಿತ್ತು. ತೆರೆದ ಕಾಕ್‌ಪಿಟ್‌ನಲ್ಲಿ ಗಾಳಿಯ ಅಬ್ಬರದ ನಡುವೆ ರಬ್ಬರ್ ಕೊಳವೆಯ ಮೂಲಕ ಕೂಗಿ ಹೇಳಿದ್ದೇ ಪಾಠ. ಇಳಿದ ಮೇಲೆ ನೆನಪಿನಿಂದ ಹೇಳಿದ್ದೇ ವಿಮರ್ಶೆ. ಒಬ್ಬ ಬೋಧಕ ‘ಪರವಾಗಿಲ್ಲ’ ಎಂದದ್ದನ್ನೇ ಇನ್ನೊಬ್ಬ ‘ಅಪಾಯಕಾರಿ’ ಎನ್ನಬಹುದಿತ್ತು. ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಹಾರಾಟ ಪರೀಕ್ಷೆಯ ಅಂಕಗಳನ್ನು ತಾಳೆ ನೋಡಿದಾಗ, ಒಂದೇ ಶಿಷ್ಯನಿಗೆ ಬೇರೆ ಬೇರೆ ಪರೀಕ್ಷಕರು ಕೊಟ್ಟ ಅಂಕಗಳಿಗೆ ಪರಸ್ಪರ ಹೊಂದಿಕೆ ತೀರಾ ಕಡಿಮೆ ಎಂಬುದು ಬಯಲಾಯಿತು. ಯಾರ ಮುಲಾಜೂ ಇಲ್ಲದ ಶಾಯಿಯ ಗೆರೆ ಈ ಹಿನ್ನೆಲೆಯಲ್ಲಿ ದೊಡ್ಡ ನ್ಯಾಯವಾಗಿ ಕಂಡದ್ದು ಸಹಜ.

ಆದರೆ ಗೆರೆಗೂ ಒಂದು ಮಿತಿಯಿತ್ತು. ಶಿಷ್ಯ ಎಲ್ಲಿ ತಿರುಗಿದ ಎಂದು ಅದು ಹೇಳುತ್ತಿತ್ತು. ಏಕೆ ತಿರುಗಿದ ಎಂದು ಹೇಳುತ್ತಿರಲಿಲ್ಲ. ಸದ್ದನ್ನು ತಪ್ಪಾಗಿ ಕೇಳಿಸಿಕೊಂಡನೇ, ದಿಕ್ಸೂಚಿಯನ್ನು ನೋಡುವುದನ್ನೇ ಮರೆತನೇ, ಅಥವಾ ಎರಡೂ ಸರಿಯಿದ್ದು ಕೈ ಮಾತ್ರ ತಡವಾಯಿತೇ? ಮೂರು ತಪ್ಪುಗಳಿಗೂ ಗೆರೆ ಒಂದೇ, ಮದ್ದು ಮಾತ್ರ ಬೇರೆ ಬೇರೆ. ಅದನ್ನು ಪತ್ತೆಹಚ್ಚಲು ಬೋಧಕ ಶಿಷ್ಯನನ್ನೇ ಕೇಳಬೇಕಿತ್ತು.

ಕೇಂಬ್ರಿಜ್‌ನ ಪಾಠ

ಗೆರೆಯ ಹಿಂದಿರುವ ಮನಸ್ಸನ್ನು ಅಳೆಯುವ ಮಹತ್ವದ ಪ್ರಯತ್ನ ನಡೆದದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. 1940ರ ಸುಮಾರಿಗೆ ದಣಿದ ವೈಮಾನಿಕರು ಯುದ್ಧದಿಂದ ಮರಳುವಾಗ ಮಾಡುತ್ತಿದ್ದ ತಪ್ಪುಗಳು ಬ್ರಿಟಿಷ್ ವಾಯುಪಡೆಯನ್ನು ಚಿಂತೆಗೀಡು ಮಾಡಿದ್ದವು. ಪ್ರೊಫೆಸರ್ ಫ್ರೆಡರಿಕ್ ಬಾರ್ಟ್ಲೆಟ್ ಅವರ ಪ್ರಯೋಗಶಾಲೆಯಲ್ಲಿ ಕೆನೆತ್ ಕ್ರೈಕ್ ಎಂಬ ಯುವ ವಿಜ್ಞಾನಿ ಸ್ಪಿಟ್‌ಫೈರ್ ವಿಮಾನದ ಕಾಕ್‌ಪಿಟ್ಟನ್ನು ಬಳಸಿ ಒಂದು ಪರೀಕ್ಷಾ ಯಂತ್ರ ಸಿದ್ಧಪಡಿಸಿದರು. ‘ಕೇಂಬ್ರಿಜ್ ಕಾಕ್‌ಪಿಟ್’ ಎಂದು ಅದು ಪ್ರಸಿದ್ಧವಾಯಿತು. ನೂರಕ್ಕೂ ಹೆಚ್ಚು ವೈಮಾನಿಕರು ಅದರಲ್ಲಿ ಗಂಟೆಗಟ್ಟಲೆ ಕುಳಿತು ‘ಹಾರಿದರು’. ಅವರ ಕೈಕಾಲುಗಳ ಚಲನೆ, ಮಾಪಕಗಳಲ್ಲಿ ಆದ ವ್ಯತ್ಯಾಸ ಎಲ್ಲವೂ ದಾಖಲಾದವು.

ಫಲಿತಾಂಶ ಯಾರೂ ಎಣಿಸದಂತಿತ್ತು. ದಣಿವು ಹೆಚ್ಚಿದಂತೆ ವೈಮಾನಿಕರ ನಿಖರತೆ ಕುಸಿಯುತ್ತಿತ್ತು. ಆದರೆ ತಾವು ಮೊದಲಿಗಿಂತ ಚೆನ್ನಾಗಿಯೇ ನಡೆಸುತ್ತಿದ್ದೇವೆ ಎಂದು ಅವರಲ್ಲಿ ಅನೇಕರು ನಂಬಿದ್ದರು. ತಮಗೆ ತಾವೇ ಹಾಕಿಕೊಂಡಿದ್ದ ಮಟ್ಟ ಇಳಿದಿತ್ತು, ಇಳಿದದ್ದು ಅವರಿಗೆ ಗೊತ್ತಿರಲಿಲ್ಲ. ಮುಖ್ಯ ಮಾಪಕಗಳ ಮೇಲೆ ಕಣ್ಣು ನೆಟ್ಟು, ಅಂಚಿನಲ್ಲಿದ್ದ ಇಂಧನ ಮಾಪಕದಂಥವನ್ನು ಮರೆಯುತ್ತಿದ್ದರು. ತಪ್ಪಾದಾಗ ಯಂತ್ರವನ್ನೇ ಬೈಯುತ್ತಿದ್ದರು. ಇನ್ನೇನು ಮುಗಿಯಿತು ಎಂಬ ಭಾವನೆ ಬಂದ ಕೂಡಲೇ, ಅಂದರೆ ಇಳಿಯುವ ಹೊತ್ತಿಗೆ ಸರಿಯಾಗಿ, ತಪ್ಪುಗಳು ಒಮ್ಮೆಗೇ ಏರುತ್ತಿದ್ದವು.

ಇದರ ಅರ್ಥ ಸ್ಪಷ್ಟ. ವೈಮಾನಿಕನನ್ನು ‘ಹೇಗಾಯಿತು?’ ಎಂದು ಕೇಳಿದರಷ್ಟೇ ಸಾಲದು. ಅವನ ಉತ್ತರ ಪ್ರಾಮಾಣಿಕವಾಗಿದ್ದೂ ತಪ್ಪಾಗಿರಬಹುದು. ಯಂತ್ರದ ದಾಖಲೆ ಬೇಕೇ ಬೇಕು. ಜೊತೆಗೆ, ದಾಖಲೆಯಲ್ಲಿ ಏನನ್ನು ನೋಡಬೇಕೆಂದು ಬಲ್ಲ ಕಣ್ಣೂ ಬೇಕು. ಒಟ್ಟು ತಪ್ಪುಗಳ ಮೊತ್ತ ಕೂಡಿಸಿದ್ದರೆ ಇಂಧನ ಮಾಪಕ ಮರೆತ ಸಂಗತಿ ಅದರಲ್ಲಿ ಕರಗಿಹೋಗುತ್ತಿತ್ತು. ಕ್ರೈಕ್ ಅವರ ಕೆಲಸ ಹೆಚ್ಚು ಮುಂದುವರಿಯಲಿಲ್ಲ. 1945ರ ಮೇ ತಿಂಗಳಲ್ಲಿ, ಯೂರೋಪಿನಲ್ಲಿ ಯುದ್ಧ ಮುಗಿಯುವ ಹೊಸ್ತಿಲಲ್ಲೇ, ಸೈಕಲ್ ಅಪಘಾತಕ್ಕೀಡಾಗಿ ಅವರು ತೀರಿಕೊಂಡರು. ಆಗ ಅವರಿಗೆ 31 ವರ್ಷ.

ಲೆಕ್ಕ ಹಾಕುವ ಬಗೆ

ಯುದ್ಧಾನಂತರ ತಿದಿಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಉಪಕರಣಗಳು ಬಂದವು. 1948ರಲ್ಲಿ ಕರ್ಟಿಸ್-ರೈಟ್ ಕಂಪನಿ ಪ್ಯಾನ್ ಅಮೆರಿಕನ್ ವಿಮಾನ ಸಂಸ್ಥೆಗಾಗಿ ಬೋಯಿಂಗ್ ಸ್ಟ್ರಾಟೊಕ್ರೂಸರ್ ವಿಮಾನದ ಇಡೀ ಕಾಕ್‌ಪಿಟ್‌ನ ಪ್ರತಿರೂಪ ಮಾಡಿಕೊಟ್ಟಿತು. ಅದು ಅಲುಗಾಡುತ್ತಿರಲಿಲ್ಲ, ಕಿಟಕಿಯಲ್ಲಿ ದೃಶ್ಯವೂ ಇರಲಿಲ್ಲ. ಆದರೆ ಎಂಜಿನ್ ಕೆಡುವಂಥ ತೊಂದರೆಗಳನ್ನು ಬೋಧಕ ಗುಂಡಿ ಒತ್ತಿ ಸೃಷ್ಟಿಸಬಹುದಿತ್ತು. ಇತ್ತ 1944ರಲ್ಲಿ ಅಮೆರಿಕದ ನೌಕಾಪಡೆ ಎಲ್ಲ ಬಗೆಯ ವಿಮಾನಗಳನ್ನೂ ಅನುಕರಿಸಬಲ್ಲ ಒಂದೇ ಯಂತ್ರ ಬೇಕೆಂದು ಎಂ.ಐ.ಟಿ. ಸಂಸ್ಥೆಯನ್ನು ಕೇಳಿತ್ತು. ಜೇ ಫಾರೆಸ್ಟರ್ ನೇತೃತ್ವದ ತಂಡ ಅದಕ್ಕಾಗಿ ಹೊರಟು ಕೊನೆಗೆ ವಿಮಾನವನ್ನು ಬಿಟ್ಟು ‘ವರ್ಲ್‌ವಿಂಡ್’ ಎಂಬ ಡಿಜಿಟಲ್ ಕಂಪ್ಯೂಟರ್ ನಿರ್ಮಿಸಿತು. 1951ರಲ್ಲಿ ಕೆಲಸ ಆರಂಭಿಸಿದ ಅದು ಕಂಪ್ಯೂಟರ್ ಚರಿತ್ರೆಯ ಮೈಲಿಗಲ್ಲು. 1960ರ ದಶಕದಲ್ಲಿ ಕಂಪ್ಯೂಟರ್ ಸಿಮ್ಯುಲೇಟರಿನ ಹೃದಯವಾದಾಗ ಅಂಕ ಕೊಡುವುದು ಸುಲಭವಾಯಿತು. ವಿಮಾನದ ಎತ್ತರ, ವೇಗ, ದಿಕ್ಕು ಎಲ್ಲವೂ ಅಲ್ಲಿ ಮೊದಲೇ ಸಂಖ್ಯೆಗಳಾಗಿದ್ದವು, ಅವನ್ನು ಬರೆದಿಟ್ಟುಕೊಂಡರಾಯಿತು.

ಯಂತ್ರ ಅಂಕ ಕೊಡುವ ಬಗೆ ಹೇಗೆ? ತತ್ವ ಸರಳ. ಇರಬೇಕಾದ ಬೆಲೆ ಒಂದು, ಇರುವ ಬೆಲೆ ಇನ್ನೊಂದು, ನಡುವಿನ ವ್ಯತ್ಯಾಸವೇ ತಪ್ಪು. ಅಮೆರಿಕದಲ್ಲಿ ಮಾಪಕ ನೋಡಿ ಹಾರುವ ಪರವಾನಗಿಯ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಎತ್ತರದಲ್ಲಿ 100 ಅಡಿ, ದಿಕ್ಕಿನಲ್ಲಿ 10 ಡಿಗ್ರಿ, ವೇಗದಲ್ಲಿ 10 ನಾಟ್‌ನಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ಈ ಮಿತಿಯ ಹೊರಗೆ ಎಷ್ಟು ಸೆಕೆಂಡು ಇದ್ದ ಎಂದು ಎಣಿಸುವುದು ಯಂತ್ರಕ್ಕೆ ಕ್ಷಣದ ಕೆಲಸ.

ಆದರೆ ಇಲ್ಲಿ ಲೆಕ್ಕದ ಒಂದು ತೊಡಕಿದೆ. 3000 ಅಡಿಯಲ್ಲಿ ಹಾರಬೇಕಾದ ಇಬ್ಬರು ಪೈಲಟ್‌ಗಳಿದ್ದಾರೆ ಎಂದಿಟ್ಟುಕೊಳ್ಳೋಣ. ಮೊದಲನೆಯವನು ಕದಲದೆ 3060 ಅಡಿಯಲ್ಲೇ ಹಾರುತ್ತಾನೆ. ಎರಡನೆಯವನು ಅರ್ಧ ಹೊತ್ತು 3090ರಲ್ಲಿ, ಅರ್ಧ ಹೊತ್ತು 2910ರಲ್ಲಿ ಇರುತ್ತಾನೆ. ಸರಾಸರಿ ತೆಗೆದರೆ ಮೊದಲನೆಯವನ ತಪ್ಪು 60 ಅಡಿ, ಎರಡನೆಯವನ ತಪ್ಪು ಸೊನ್ನೆ! ಮೇಲಿನ 90 ಕೆಳಗಿನ 90ನ್ನು ನುಂಗಿಹಾಕಿತು. ಈ ಮೋಸ ತಪ್ಪಿಸಲು ವ್ಯತ್ಯಾಸಗಳನ್ನು ವರ್ಗ ಮಾಡಿ, ಸರಾಸರಿ ತೆಗೆದು, ಆಮೇಲೆ ವರ್ಗಮೂಲ ಕಾಣುವ ಪದ್ಧತಿ ಇದೆ. ಆಗ ಮೊದಲನೆಯವನಿಗೆ 60, ಎರಡನೆಯವನಿಗೆ 90 ಬರುತ್ತದೆ. ಮಿತಿಯ ಲೆಕ್ಕದಲ್ಲಾದರೆ ಇಬ್ಬರೂ 100 ಅಡಿಯೊಳಗೇ ಇದ್ದುದರಿಂದ ಇಬ್ಬರೂ ಪಾಸು. ಹಾರಾಟ ಅದೇ, ಹಾರಿದವರು ಅವರೇ. ಅಳೆಯುವ ರೀತಿ ಬದಲಾದಂತೆ ತೀರ್ಪು ಮೂರು ಬಗೆಯಾಯಿತು.

ಅಂಕವೆಂಬುದು ಆಕಾಶದಿಂದ ಉದುರಿದ್ದಲ್ಲ, ಯಾರೋ ಕುಳಿತು ನಿರ್ಧರಿಸಿದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಮೂರನೆಯ ಪೈಲಟ್ ಒಬ್ಬನನ್ನು ಸೇರಿಸಿದರೆ ತೊಡಕು ಇನ್ನೂ ಬಿಗಿಯಾಗುತ್ತದೆ. ಅವನು ರನ್‌ವೇ ಸಮೀಪಿಸಿದಾಗ ವೇಗ ಹೆಚ್ಚಿದೆಯೆಂದು ಅರಿತು, ಇಳಿಯುವ ಯತ್ನ ಕೈಬಿಟ್ಟು ಮೇಲೇರುತ್ತಾನೆ. ಚೆನ್ನಾಗಿ ಇಳಿಯುವುದಕ್ಕಷ್ಟೇ ಅಂಕ ಕೊಡುವ ಯಂತ್ರ ಅವನಿಗೆ ಸೊನ್ನೆ ಕೊಡುತ್ತದೆ. ಪ್ರಯಾಣಿಕರ ದೃಷ್ಟಿಯಲ್ಲಿ ನೂರಕ್ಕೆ ನೂರು ಸಿಗಬೇಕಾದವನು ಅವನೇ.

ಬಳಸದ ಗುಂಡಿಗಳು

1970ರ ದಶಕದಲ್ಲಿ ಬೋಧಕನ ಮೇಜು ಒಂದು ಪುಟ್ಟ ನಿಯಂತ್ರಣ ಕೊಠಡಿಯೇ ಆಯಿತು. ಹಾರಾಟವನ್ನು ಅರ್ಧಕ್ಕೇ ನಿಲ್ಲಿಸಿ ‘ಇಲ್ಲಿ ನೋಡು’ ಎನ್ನಬಹುದು. ಹಿಂದಕ್ಕೆ ಒಯ್ದು ಅದೇ ತಿರುವನ್ನು ಮತ್ತೆ ಮಾಡಿಸಬಹುದು. ಶಿಷ್ಯನ ಹಾರಾಟವನ್ನೇ ಅವನಿಗೆ ಮರುಪ್ರದರ್ಶಿಸಬಹುದು. ಕೊನೆಯಲ್ಲಿ ಅಂಕಗಳನ್ನು ಅಚ್ಚುಹಾಕಿ ಕೊಡಬಹುದು. ಅರಿಜೋನಾದ ವಿಲಿಯಮ್ಸ್ ವಾಯುನೆಲೆಯಲ್ಲಿ ಅಮೆರಿಕದ ವಾಯುಪಡೆ ಇಂಥ ಒಂದು ಸಂಶೋಧನಾ ಸಿಮ್ಯುಲೇಟರನ್ನು ಸ್ಥಾಪಿಸಿ, ಯಂತ್ರವೇ ಹಾರಾಟಕ್ಕೆ ಅಂಕ ಕೊಡುವ ಪದ್ಧತಿಗಳನ್ನು ವರ್ಷಗಳ ಕಾಲ ಪರೀಕ್ಷಿಸಿತು.

ವಿಚಿತ್ರವೆಂದರೆ, 1980ರ ದಶಕದಲ್ಲಿ ಸಮೀಕ್ಷೆ ನಡೆಸಿದಾಗ ಬೋಧಕರು ಇಂಥ ಅನೇಕ ಸೌಲಭ್ಯಗಳನ್ನು ಅಪರೂಪಕ್ಕೆ ಮಾತ್ರ ಬಳಸುತ್ತಿರುವುದು ಕಂಡುಬಂತು. ಕೆಲವು ಬಳಸಲು ಕಷ್ಟವಾಗಿದ್ದವು, ಕೆಲವನ್ನು ಬಳಸುವುದು ಹೇಗೆಂದು ಬೋಧಕರಿಗೇ ಸರಿಯಾಗಿ ಕಲಿಸಿರಲಿಲ್ಲ. ಹಾಳೆಗಟ್ಟಲೆ ಅಂಕಿಗಳು ಹೊರಬಂದರೆ ಅವುಗಳಲ್ಲಿ ಯಾವುದು ಮುಖ್ಯವೆಂದು ಹುಡುಕುವುದೇ ಇನ್ನೊಂದು ಕೆಲಸ. ಏಡಿಯ ಗೆರೆಯನ್ನು ಒಂದೇ ನೋಟಕ್ಕೆ ಓದಬಹುದಿತ್ತು.

ತಪ್ಪನ್ನು ಯಾವಾಗ ತೋರಿಸಬೇಕು ಎಂಬುದೂ ಸುಲಭದ ಪ್ರಶ್ನೆಯಲ್ಲ. ಗುರಿಯಿಂದ ಜಾರಿದ ಕ್ಷಣವೇ ದೀಪ ಹೊತ್ತಿಸಿ ಎಚ್ಚರಿಸಿದರೆ ಅಂಕಗಳು ಬೇಗ ಏರುತ್ತವೆ. ಆದರೆ ದೀಪವನ್ನು ತೆಗೆದರೆ ಎಷ್ಟೋ ಸಲ ಕಲಿತದ್ದೂ ಅದರ ಜೊತೆಗೇ ಹೋಗುತ್ತದೆ ಎಂಬುದನ್ನು ಕಲಿಕೆಯ ಸಂಶೋಧನೆಗಳು ತೋರಿಸಿವೆ. ಶಿಷ್ಯ ವಿಮಾನವನ್ನು ಓದುವ ಬದಲು ದೀಪವನ್ನು ಓದಲು ಕಲಿತಿರುತ್ತಾನೆ. ನಿಜವಾದ ಆಕಾಶದಲ್ಲಿ ಆ ದೀಪವಿಲ್ಲ. ಆದ್ದರಿಂದ ಒಳ್ಳೆಯ ಬೋಧಕ ಕೆಲವೊಮ್ಮೆ ಬೇಕೆಂದೇ ಸುಮ್ಮನಿರುತ್ತಾನೆ. ತನ್ನ ತಪ್ಪನ್ನು ತಾನೇ ಗುರುತಿಸುವ ಅವಕಾಶವನ್ನು ಶಿಷ್ಯನಿಗೆ ಬಿಡುತ್ತಾನೆ.

ಗೆರೆಯಲ್ಲಿ ಕಾಣದ್ದು

1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲೆಂಡ್ ನಗರದ ಮೇಲೆ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನ ಸುತ್ತು ಹಾಕುತ್ತಿತ್ತು. ಇಳಿಯುವ ಚಕ್ರಗಳಲ್ಲಿ ಏನೋ ದೋಷದ ಸೂಚನೆ. ಕ್ಯಾಪ್ಟನ್ ಅದನ್ನು ಸರಿಪಡಿಸುವುದರಲ್ಲಿ, ಪ್ರಯಾಣಿಕರನ್ನು ಸಿದ್ಧಗೊಳಿಸುವುದರಲ್ಲಿ ಮುಳುಗಿದ್ದರು. ಸುಮಾರು ಒಂದು ಗಂಟೆ ಹೀಗೆ ಕಳೆಯಿತು. ಇಂಧನ ಕಡಿಮೆಯಾಗುತ್ತಿದೆ ಎಂಬುದು ಜೊತೆಯವರಿಗೆ ಗೊತ್ತಿತ್ತು. ಆದರೆ ಗಟ್ಟಿಯಾಗಿ, ಕ್ಯಾಪ್ಟನ್‌ಗೆ ನಾಟುವಂತೆ ಹೇಳಲಿಲ್ಲ. ಕೊನೆಗೆ ಎಂಜಿನ್‌ಗಳು ಇಂಧನವಿಲ್ಲದೆ ನಿಂತು ವಿಮಾನ ಊರಂಚಿನಲ್ಲಿ ಬಿದ್ದಿತು. ಹತ್ತು ಮಂದಿ ಸತ್ತರು. ಕೇಂಬ್ರಿಜ್‌ನ ಪ್ರಯೋಗಶಾಲೆಯಲ್ಲಿ ಅಂಚಿನಲ್ಲಿ ಮರೆತುಹೋಗಿದ್ದ ಇಂಧನ ಮಾಪಕದ ಕತೆ ಮೂರೂವರೆ ದಶಕಗಳ ಬಳಿಕ ನಿಜವಾದ ಆಕಾಶದಲ್ಲಿ ಮರುಕಳಿಸಿತ್ತು.

ಆ ಹೊತ್ತಿಗಾಗಲೇ ಅಮೆರಿಕದ ‘ನಾಸಾ’ ಸಂಸ್ಥೆಯ ಸಂಶೋಧಕರು ಬೋಯಿಂಗ್ 747ರ ಸಿಮ್ಯುಲೇಟರಿನಲ್ಲಿ ಅನುಭವಿ ಪೈಲಟ್‌ಗಳ ತಂಡಗಳನ್ನು ಕೂರಿಸಿ, ಇಡೀ ಪ್ರಯಾಣವನ್ನು ನಡುವೆ ನಿಲ್ಲಿಸದೆ ಅಭಿನಯಿಸುವಂತೆ ಮಾಡಿ ನೋಡಿದ್ದರು. 1979ರಲ್ಲಿ ಪ್ರಕಟವಾದ ಆ ಅಧ್ಯಯನದ ಸಾರ ಇಷ್ಟು: ತಂಡಗಳ ನಡುವಿನ ಅಂತರ ಕೈಚಳಕದ್ದಲ್ಲ, ಕೆಲಸ ಹಂಚಿಕೊಳ್ಳುವ ಮತ್ತು ಮಾತಾಡಿಕೊಳ್ಳುವ ರೀತಿಯದು. 1981ರಿಂದ ಯುನೈಟೆಡ್ ಸಂಸ್ಥೆ ತನ್ನ ಪೈಲಟ್‌ಗಳಿಗೆ ಈ ಕುರಿತೇ ತರಬೇತಿ ಶುರುಮಾಡಿತು, ಉಳಿದವರು ಹಿಂಬಾಲಿಸಿದರು. ಸಿಮ್ಯುಲೇಟರಿನಲ್ಲಿ ಈಗ ಅಳೆಯಬೇಕಾದ್ದು ವಿಮಾನದ ದಾರಿಯನ್ನಷ್ಟೇ ಅಲ್ಲ, ಕಾಕ್‌ಪಿಟ್‌ನ ಒಳಗಿನ ಮಾತನ್ನೂ ಆಗಿತ್ತು.

ಈ ಪಾಠದ ಬೆಲೆ ಕರ್ನಾಟಕಕ್ಕೂ ತಿಳಿಯಬೇಕಾಗಿ ಬಂತು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಕೆಂಜಾರು ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿತು. 166 ಮಂದಿಯಲ್ಲಿ ಬದುಕಿದವರು ಎಂಟೇ ಜನ. ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿದ್ದ ವಿಮಾನ ಕಡಿದಾಗಿ ಇಳಿದು, 2450 ಮೀಟರ್ ಉದ್ದದ ರನ್‌ವೇಯಲ್ಲಿ ಅರ್ಧಕ್ಕಿಂತ ಹೆಚ್ಚು ದಾಟಿದ ಮೇಲೆ ನೆಲ ಮುಟ್ಟಿತ್ತು. ಕಾಕ್‌ಪಿಟ್‌ನ ಎಚ್ಚರಿಕೆ ಯಂತ್ರ ಮತ್ತೆ ಮತ್ತೆ ಕೂಗಿತ್ತು. ಇಳಿಯುವುದನ್ನು ಕೈಬಿಟ್ಟು ಮೇಲೇರುವಂತೆ ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಆದರೂ ಕ್ಯಾಪ್ಟನ್ ಮುಂದುವರಿದದ್ದೇ ಅಪಘಾತಕ್ಕೆ ನೇರ ಕಾರಣವೆಂದು ವಿಚಾರಣಾ ನ್ಯಾಯಾಲಯ ಹೇಳಿತು. ಹಾರಾಟದ ವೇಳೆ ಕ್ಯಾಪ್ಟನ್ ದೀರ್ಘಕಾಲ ನಿದ್ರಿಸಿದ್ದರಿಂದ ಎಚ್ಚರಗೊಂಡ ಮೇಲೂ ಮಂಪರು ಉಳಿದಿರಬಹುದು ಎಂದಿತು. ಸಹ ಪೈಲಟ್ ತಾನೇ ನಿಯಂತ್ರಣ ಕೈಗೆ ತೆಗೆದುಕೊಳ್ಳಬಹುದೇ ಎಂಬ ಬಗ್ಗೆ ಸೂಚನೆಗಳು ಅಸ್ಪಷ್ಟವಾಗಿದ್ದವು ಎಂಬುದನ್ನೂ ಗುರುತಿಸಿತು.

ಅಂದರೆ ಅಳತೆಗೆ ಅಲ್ಲಿ ಕೊರತೆ ಇರಲಿಲ್ಲ. ಯಂತ್ರ ತಪ್ಪನ್ನು ಕಂಡಿತ್ತು, ಕೂಗಿ ಹೇಳಿತ್ತು. ಮನುಷ್ಯನೂ ಹೇಳಿದ್ದ. ಕೇಳಿಸಿಕೊಳ್ಳುವ ಕಿವಿ ಮತ್ತು ಕೇಳದಿದ್ದಾಗ ಕೈ ಮುಂದೆ ಮಾಡುವ ಧೈರ್ಯ ಎರಡೂ ಅಭ್ಯಾಸದಿಂದ ಬರಬೇಕಾದವು. ಆ ಅಭ್ಯಾಸಕ್ಕೆ ಸಿಮ್ಯುಲೇಟರಿಗಿಂತ ಸುರಕ್ಷಿತ ಜಾಗ ಬೇರೊಂದಿಲ್ಲ.

ಎಂಟರಲ್ಲಿ ಎರಡು

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2013ರಲ್ಲಿ ಹೊರತಂದ ತರಬೇತಿ ಕೈಪಿಡಿ ಈ ಅರಿವಿನ ಫಲ. ಪೈಲಟ್‌ಗೆ ಇರಬೇಕಾದ ಎಂಟು ಸಾಮರ್ಥ್ಯಗಳನ್ನು ಅದು ಪಟ್ಟಿಮಾಡಿತು. ನಿಯಮಗಳ ಪಾಲನೆ, ಸಂವಹನ, ಆಟೊಪೈಲಟ್ ಬಳಸಿ ವಿಮಾನ ನಡೆಸುವುದು, ಕೈಯಿಂದಲೇ ನಡೆಸುವುದು, ನಾಯಕತ್ವ ಮತ್ತು ತಂಡದ ಕೆಲಸ, ಸಮಸ್ಯೆ ಬಿಡಿಸುವುದು ಹಾಗೂ ನಿರ್ಧಾರ ಕೈಗೊಳ್ಳುವುದು, ಪರಿಸ್ಥಿತಿಯ ಅರಿವು, ಕೆಲಸದ ಹೊರೆ ನಿಭಾಯಿಸುವುದು. ಏಡಿಯ ಗೆರೆಗೆ ನೇರವಾಗಿ ಸಿಕ್ಕುವುದು ಈ ಎಂಟರಲ್ಲಿ ಎರಡೇ. ಉಳಿದ ಆರಕ್ಕೆ ನೋಡುವ, ಕೇಳುವ ಮನುಷ್ಯ ಬೇಕು.

ಮನುಷ್ಯ ಬಂದೊಡನೆ ಹಳೆಯ ತೊಂದರೆಯೂ ಹಿಂದೆಯೇ ಬರುತ್ತದೆ. ಒಬ್ಬನ ‘ಪರವಾಗಿಲ್ಲ’ ಇನ್ನೊಬ್ಬನ ‘ಅಪಾಯಕಾರಿ’ ಆಗುವ ತೊಂದರೆ. ಅದಕ್ಕಾಗಿ ಈಗ ಬೋಧಕರಿಗೇ ಪಾಠವಿದೆ. ಒಂದೇ ಹಾರಾಟದ ಚಿತ್ರಣವನ್ನು ಹಲವು ಬೋಧಕರಿಗೆ ತೋರಿಸಿ, ಅವರ ಅಂಕಗಳು ಎಷ್ಟರಮಟ್ಟಿಗೆ ಹೊಂದುತ್ತವೆ ಎಂದು ನೋಡಲಾಗುತ್ತದೆ. ‘ಒರಟು’, ‘ಚೂಟಿ’ ಎಂಬಂಥ ಮಾತುಗಳಿಗೆ ಅಲ್ಲಿ ಜಾಗವಿಲ್ಲ. ಏನು ಮಾಡಿದ, ಏನು ಮಾಡಲಿಲ್ಲ, ಅದರಿಂದ ಏನಾಯಿತು ಎಂದು ಕಂಡದ್ದನ್ನೇ ಬರೆಯಬೇಕು. ವಿದ್ಯಾರ್ಥಿಗೆ ಅಂಕ ಕೊಡುವವರಿಗೂ ಅಂಕ ಬೀಳುವ ಕಾಲ ಇದು.

ಯಂತ್ರವೂ ಸುಮ್ಮನೆ ಕುಳಿತಿಲ್ಲ. 2018ರಲ್ಲಿ ಅಮೆರಿಕದ ವಾಯುಪಡೆ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಕಣ್ಣಿಗೆ ಕಟ್ಟುವ ಪರದೆ ಮತ್ತು ಕಂಪ್ಯೂಟರ್ ಬೋಧಕರನ್ನು ಬಳಸಿ ಪೈಲಟ್‌ಗಳನ್ನು ತಯಾರಿಸುವ ಪ್ರಯೋಗ ಆರಂಭಿಸಿತು. ಪೈಲಟ್ ಯಾವ ಮಾಪಕವನ್ನು ಎಷ್ಟು ಹೊತ್ತು ನೋಡಿದ ಎಂದು ಕಣ್ಣಿನ ಚಲನೆಯಿಂದಲೇ ಪತ್ತೆಹಚ್ಚುವ ಸಾಧನಗಳು ಬಂದಿವೆ. ಕೇಂಬ್ರಿಜ್‌ನ ಮರೆತ ಇಂಧನ ಮಾಪಕ ಈಗ ಯಂತ್ರಕ್ಕೂ ಕಾಣಬಲ್ಲದು. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸಿಗಳಿಗೂ ಅಂಕಗಳ ರುಚಿ ಗೊತ್ತು. 1982ರಲ್ಲಿ ಮೊದಲು ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ 2020ರ ಆವೃತ್ತಿಯಲ್ಲಿ ಬೇರೆ ಬೇರೆ ವಿಮಾನ ನಿಲ್ದಾಣಗಳಲ್ಲಿ ಇಳಿಯುವುದಕ್ಕೇ ಅಂಕ ಕೊಡುವ ಸ್ಪರ್ಧೆಗಳಿವೆ. ಅಲ್ಲಿ ಇಳಿಯದೆ ಮೇಲೇರಿ ಹೋದವರಿಗೆ ಬಹುಮಾನವಿಲ್ಲ. ಆಟಕ್ಕೆ ಅದು ಸರಿ.

ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಒಂದು ಪಾಲಿದೆ. ಇಲ್ಲಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ‘ಎಡಿಇ’ ದಶಕಗಳಿಂದ ಸಿಮ್ಯುಲೇಟರ್ ನಿರ್ಮಾಣದಲ್ಲಿ ತೊಡಗಿದೆ. ಎಚ್.ಎ.ಎಲ್. ಮತ್ತು ಕೆನಡಾದ ಸಿಎಇ ಕಂಪನಿ ಸೇರಿ 2010ರ ಸುಮಾರಿಗೆ ಆರಂಭಿಸಿದ ‘ಹ್ಯಾಟ್ಸಾಫ್’ ಕೇಂದ್ರದಲ್ಲಿ ಹೆಲಿಕಾಪ್ಟರ್ ಪೈಲಟ್‌ಗಳಿಗೆ ತರಬೇತಿ ಸಿಗುತ್ತದೆ. ಒಂದು ಕಾಕ್‌ಪಿಟ್ ತೆಗೆದು ಇನ್ನೊಂದನ್ನು ಕೂರಿಸಿದರೆ ಅದೇ ಸಿಮ್ಯುಲೇಟರ್ ಬೇರೊಂದು ಹೆಲಿಕಾಪ್ಟರ್ ಆಗುತ್ತದೆ. ಸ್ವದೇಶಿ ‘ಧ್ರುವ’ದ ಕಾಕ್‌ಪಿಟ್ಟೂ ಅವುಗಳಲ್ಲಿ ಒಂದು.

ಎಷ್ಟೇ ಆಧುನಿಕ ಸಿಮ್ಯುಲೇಟರ್ ಇದ್ದರೂ ತರಬೇತಿಯ ಕೊನೆಯ ಅರ್ಧ ಗಂಟೆ ಅದರ ಹೊರಗೇ ನಡೆಯುತ್ತದೆ. ಪಕ್ಕದ ಕೋಣೆಯಲ್ಲಿ ಬೋಧಕ ಮತ್ತು ಪೈಲಟ್‌ಗಳು ಒಟ್ಟಿಗೆ ಕುಳಿತು, ಹಾರಾಟದ ದಾಖಲೆಯನ್ನು ಮುಂದಿಟ್ಟುಕೊಂಡು ಮಾತಾಡುತ್ತಾರೆ. ಆ ಮೇಜಿನ ಮೇಲೆ ಈಗ ಶಾಯಿಯ ಗೆರೆಯ ಬದಲು ಬಣ್ಣಬಣ್ಣದ ತೆರೆಯಿದೆ. ವಿಮಾನ ಎಲ್ಲಿ ಎಷ್ಟು ಅಡಿ ಜಾರಿತೆಂದು ತೆರೆ ಕರಾರುವಾಕ್ಕಾಗಿ ತೋರಿಸುತ್ತದೆ. ಅದರ ಮುಂದೆ ಕುಳಿತ ಬೋಧಕ ಕೇಳಬೇಕಾದ ಪ್ರಶ್ನೆ ಮಾತ್ರ ನೀಲಿ ಪೆಟ್ಟಿಗೆಯ ಕಾಲದ್ದೇ: ‘ಇಲ್ಲಿ ನಿನ್ನ ಗಮನ ಎಲ್ಲಿತ್ತು?’